ರುಚಿ ಹತ್ತುವವರೆಗೆ



ಈ ದತ್ತಿಯನ್ನಿಟ್ಟವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ವಿಷಯ ಮಾತ್ರ ಓದುವ ಮಕ್ಕಳ ಬದುಕಿಗೆ ಹತ್ತಿರವಾದದ್ದಾಗಿರಲಿ ಎಂದು ಬರೆದುಕೊಟ್ಟರು. ಆ ಮಾತಿಗೆ ಬದ್ಧನಾಗಿ ಇವತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ವಿಷಯವನ್ನು ಆರಿಸಿದವನು ನಾನಲ್ಲ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಕೆಲವು ತಿಂಗಳ ಹಿಂದೆ ಆತ ಮನೆಗೆ ಬಂದಿದ್ದ. ಪಿಯುಸಿಯಲ್ಲಿ ನನ್ನ ಕನ್ನಡ ತರಗತಿಯಲ್ಲಿ ಕೂತವನು, ಆಮೇಲೆ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಏಳು ವರ್ಷ ದುಡಿದವನು. ಒಂದು ಬೆಳಿಗ್ಗೆ ಬಂದ ಇ-ಮೇಲ್‌ನಲ್ಲಿ ಅವನ ಕೆಲಸ ಹೋಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸರ್, ಕೆಲಸ ಇನ್ನೊಂದು ಸಿಗುತ್ತೆ ಬಿಡಿ. ಆದ್ರೆ ನನ್ನ ಪ್ಯಾಶನ್ ಏನು ಅಂತಾನೇ ನಂಗೊತ್ತಿಲ್ಲ. ಅದನ್ನ ಹೇಗೆ ಕಂಡುಹಿಡಿಯೋದು?"

ಮೂವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಅವತ್ತು ಉತ್ತರವಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಕಣಪ್ಪ" ಎಂದೆ. ಈ ಉಪನ್ಯಾಸ ಅವನಿಗೆ ಕೊಡಬೇಕಾಗಿದ್ದ ಉತ್ತರ. ಇಲ್ಲಿ ಕೂತಿರುವ ನಿಮ್ಮಲ್ಲಿ ಬಹಳ ಜನರ ಎದೆಯಲ್ಲೂ ಇದೇ ಪ್ರಶ್ನೆ ಇದೆ ಎಂದು ಬಲ್ಲೆ.

ನಮ್ಮ ನುಡಿಗೆ ಗೊತ್ತಿದ್ದದ್ದು

ಅವನು ಹೋದ ಮೇಲೆ ನನ್ನನ್ನು ಕಾಡಿದ್ದು ಆ ಪ್ರಶ್ನೆಯಲ್ಲಿದ್ದ ಕ್ರಿಯಾಪದ. ಕಂಡುಹಿಡಿಯುವುದು. ಎಲ್ಲೋ ಬಚ್ಚಿಟ್ಟ ಒಡವೆಯಂತೆ ಅದು ನಮ್ಮೊಳಗೆ ಇದೆ, ಸರಿಯಾಗಿ ಅಗೆದರೆ ಸಿಕ್ಕುತ್ತದೆ, ಸಿಗದಿದ್ದರೆ ನಮ್ಮಲ್ಲೇ ಏನೋ ಕೊರತೆಯಿದೆ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮ ಜನ ಮಾತಾಡುವ ಕನ್ನಡದಲ್ಲಿ ಈ ನಂಬಿಕೆ ಇಲ್ಲ. "ಅವನಿಗೆ ನಾಟಕದ ಹುಚ್ಚು ಹಿಡಿದಿದೆ" ಎನ್ನುತ್ತೇವೆ. ಹಿಡಿಯುವುದು ಹುಚ್ಚು, ಹಿಡಿಸಿಕೊಳ್ಳುವವನು ಮನುಷ್ಯ. "ಅವಳಿಗೆ ಓದಿನ ರುಚಿ ಹತ್ತಿದೆ" ಎನ್ನುತ್ತೇವೆ. ನಾಲಿಗೆಗೆ ತಾಗದೆ ರುಚಿ ಹತ್ತುವುದುಂಟೇ? ಉಣ್ಣದವನಿಗೆ ಹತ್ತುವುದು ಹಸಿವು ಮಾತ್ರ. "ಅವನ ಕೈ ಪಳಗಿದೆ" ಎನ್ನುತ್ತೇವೆ. ಕಾಡಿನ ಆನೆ ಪಳಗಿದಂತೆ ಕೈಯೂ ದಿನಗಟ್ಟಲೆ, ವರ್ಷಗಟ್ಟಲೆ ಒಂದೇ ಕೆಲಸದ ಜೊತೆ ಒಡನಾಡಿ ಪಳಗಬೇಕು.

ಈ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ: ಮೊದಲು ಕೈ ಹಚ್ಚುವುದು, ಆಮೇಲೆ ರುಚಿ ಹತ್ತುವುದು, ಆಮೇಲೆ ಕೈ ಪಳಗುವುದು, ಕೊನೆಗೆ ಹುಚ್ಚು ಹಿಡಿಯುವುದು. ನನ್ನ ವಿದ್ಯಾರ್ಥಿ ಕೊನೆಯದನ್ನು ಮೊದಲು ಕೇಳುತ್ತಿದ್ದ. ಹುಚ್ಚು ಯಾವುದೆಂದು ಗೊತ್ತಾದರೆ ಕೈ ಹಚ್ಚುತ್ತೇನೆ ಎನ್ನುತ್ತಿದ್ದ. ಕೈ ಹಚ್ಚದೆ ಅದು ಗೊತ್ತಾಗುವ ದಾರಿಯೇ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಟೇಪ್ ರೆಕಾರ್ಡರ್ ಹೊತ್ತು ಹೋದ ಊರು

ಮೊದಲು ನನ್ನದೇ ಅನುಭವ. ನಾನು ಕನ್ನಡ ಎಂ.ಎ. ಮಾಡಿದ್ದು ಬಯಸಿ ಅಲ್ಲ. ಡಾಕ್ಟರಾಗಬೇಕೆಂಬ ಆಸೆ ಅಂಕಗಳ ಬಳಿ ನಿಂತುಹೋಯಿತು. ಓದಿ ಮುಗಿಸಿದ ಮೇಲೆ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾದೆ. ಒಂಬತ್ತು ವರ್ಷ ಹಾಗೇ ಇದ್ದೆ. ಪ್ರತಿ ಮಾರ್ಚ್ ತಿಂಗಳಲ್ಲಿ ಕೆಲಸ ಮುಗಿಯಿತೆಂಬ ಪತ್ರ, ಜುಲೈಯಲ್ಲಿ ಮತ್ತೆ ಕರೆ ಬರುತ್ತದೋ ಇಲ್ಲವೋ ಎಂಬ ದಿಗಿಲು. ಬೇಸಿಗೆಯ ಮೂರು ತಿಂಗಳು ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತಂದ ದಿನಗಳವು. ಇವತ್ತಿನ ಅತಿಥಿ ಉಪನ್ಯಾಸಕರ ಸಂಕಟ ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಅಂಥ ಒಂದು ವರ್ಷ ವಿಭಾಗದ ಹಿರಿಯರು ನನ್ನ ಕೈಗೆ ದೊಡ್ಡದೊಂದು ಟೇಪ್ ರೆಕಾರ್ಡರ್ ಕೊಟ್ಟು, ಸುತ್ತಲಿನ ಹಳ್ಳಿಗಳಿಗೆ ಹೋಗಿ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಾ ಎಂದರು. ಹೋದೆ. ಸಂಬಳವಿಲ್ಲದ ಆ ಕೆಲಸದ ಮೇಲೆ ನನಗೆ ಒಲವೇನೂ ಇರಲಿಲ್ಲ. ಮೊದಲ ಹಳ್ಳಿಯಲ್ಲಿ ಒಬ್ಬ ಅಜ್ಜಿ ಹಾಡಿದರು. ಹಾಡಿ ಮುಗಿಸಿ, "ಇದನ್ನ ಇಟ್ಕೊಂಡು ಏನ್ ಮಾಡ್ತೀಯ ಮಗಾ?" ಎಂದು ಕೇಳಿದರು. ನನಗೇ ಗೊತ್ತಿರಲಿಲ್ಲ. ಎರಡನೆಯ ಸಲ, ಮೂರನೆಯ ಸಲ ಹೋದದ್ದೂ ಕರ್ತವ್ಯವೆಂದೇ.

ನಾಲ್ಕನೆಯ ಹಳ್ಳಿಯಲ್ಲಿ ಅದೇ ಹಾಡನ್ನು ಇನ್ನೊಬ್ಬಾಕೆ ಹಾಡಿದಾಗ ನನ್ನ ಕಿವಿ ನೆಟ್ಟಗಾಯಿತು. ಅಜ್ಜಿಯ ಹಾಡಿನಲ್ಲಿ ಗಂಡನ ಮನೆಗೆ ಹೊರಟ ಮಗಳು ತಿರುಗಿ ನೋಡದೆ ಹೋಗುತ್ತಾಳೆ. ಇಲ್ಲಿ ಮೂರು ಸಲ ತಿರುಗಿ ನೋಡುತ್ತಾಳೆ. ಎರಡು ಊರಿನ ನಡುವೆ ಇದ್ದದ್ದು ಹನ್ನೆರಡು ಮೈಲಿ. ಆ ಹನ್ನೆರಡು ಮೈಲಿಯಲ್ಲಿ ಏನಾಯಿತು? ಯಾವ ತಾಯಿ ಈ ಸಾಲನ್ನು ಸೇರಿಸಿದಳು? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನ ಯಾರೂ ಹೇಳದೆ, ನನ್ನ ದುಡ್ಡಿನಲ್ಲಿ ಬ್ಯಾಟರಿ ಕೊಂಡು ಐದನೆಯ ಹಳ್ಳಿಗೆ ಬಸ್ ಹತ್ತಿದೆ. ರುಚಿ ಹತ್ತಿದ್ದು ಹಾಗೆ. ಮೊದಲ ಮೂರು ಪಯಣಗಳ ಬೇಸರವನ್ನು ತಾಳದೆ ಟೇಪ್ ರೆಕಾರ್ಡರನ್ನು ಹಿಂದಿರುಗಿಸಿದ್ದರೆ, ನಾಲ್ಕನೆಯ ಹಳ್ಳಿ ನನ್ನ ಬದುಕಿನಲ್ಲಿ ಬರುತ್ತಲೇ ಇರಲಿಲ್ಲ.

ಕುಂದಗೋಳದ ದಾರಿ

ಹುಚ್ಚು ಮೊದಲೇ ಹಿಡಿದವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಅವರ ಪೈಕಿ ನಮಗೆಲ್ಲ ತಿಳಿದವರು ಪಂಡಿತ ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಮೇಷ್ಟರ ಮಗ. ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕಿವಿಗೆ ಬಿದ್ದು, ಹಾಡಿದರೆ ಹೀಗೆ ಹಾಡಬೇಕು ಎಂದುಕೊಂಡ ಹುಡುಗ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ರೈಲಿನಲ್ಲಿ ಹಾಡಿಕೊಂಡು ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಉತ್ತರ ಭಾರತವನ್ನೆಲ್ಲ ಅಲೆದ. ಜಲಂಧರಿನಲ್ಲಿ ಪಂಡಿತ ವಿನಾಯಕರಾವ್ ಪಟವರ್ಧನರು ಅವನಿಗೆ ಹೇಳಿದ್ದು, ಊರಿಗೆ ಹಿಂದಿರುಗಿ ಸವಾಯಿ ಗಂಧರ್ವರ ಬಳಿ ಕಲಿ ಎಂದು.

ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ. ಗದಗಿನಿಂದ ಹುಬ್ಬಳ್ಳಿಗೆ ಬಂದು ಮುಂದೆ ಸ್ವಲ್ಪ ದೂರ. ಅವರು ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಅಂದರೆ ಯಾವ ದನಿಯನ್ನು ಕೇಳಿ ಹುಡುಗ ಮನೆ ಬಿಟ್ಟನೋ ಆ ದನಿಯ ಉತ್ತರಾಧಿಕಾರಿ ಅವನ ನೆರೆಯಲ್ಲೇ ಇದ್ದರು! ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ, ಹುಡುಕಿದ್ದು ಮನೆಯ ಬಾಗಿಲಲ್ಲೇ ಇತ್ತು ಎಂದು. ನನಗೆ ಮುಖ್ಯವೆನಿಸುವುದು ಆಮೇಲಿನದು. 1936ರಿಂದ ಗುರುವಿನ ಮನೆಯಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಒಂದೊಂದು ರಾಗವನ್ನು ತಿಂಗಳುಗಟ್ಟಲೆ ತಿಕ್ಕಿದ ವರ್ಷಗಳು. ಹುಚ್ಚು ಹಿಡಿದದ್ದು ಒಂದು ರೆಕಾರ್ಡು ಮುಗಿಯುವ ಹೊತ್ತಿನಲ್ಲಿ. ಅದನ್ನು ಸಂಗೀತವಾಗಿಸಿದ್ದು ಕುಂದಗೋಳದ ಕೊಡ. ಹುಚ್ಚು ಮೊದಲೇ ಹಿಡಿದವರಿಗೂ ಕೈ ಪಳಗುವ ಕಷ್ಟ ತಪ್ಪಿದ್ದಲ್ಲ. ಎಷ್ಟೋ ಮಕ್ಕಳಿಗೆ ಹಾಡಿನ, ಚಿತ್ರದ, ಆಟದ ಹುಚ್ಚು ಹಿಡಿಯುತ್ತದೆ, ನೀರು ಹೊರುವ ಕಾಲ ಬಂದಾಗ ಬಿಟ್ಟುಹೋಗುತ್ತದೆ.

ಹತ್ತು ಮುಖಗಳು

ಒಂದೇ ಹುಚ್ಚು ಹಿಡಿಯದೆ ಹತ್ತು ಹಿಡಿದವರ ಪಾಡೇನು? ಇವತ್ತಿನ ತಂದೆತಾಯಂದಿರನ್ನು ಹೆಚ್ಚು ಹೆದರಿಸುವುದು ಇಂಥ ಮಕ್ಕಳೇ. "ಒಂದರಲ್ಲೂ ನಿಲ್ಲಲ್ಲ ಇವನು" ಎಂಬ ದೂರನ್ನು ಸಾವಿರ ಸಲ ಕೇಳಿದ್ದೇನೆ. ಆಗೆಲ್ಲ ನನಗೆ ನೆನಪಾಗುವವರು ಶಿವರಾಮ ಕಾರಂತರು.

1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಖಾದಿ ಪ್ರಚಾರಕ್ಕೆ ಊರೂರು ತಿರುಗಿದರು. 'ವಸಂತ' ಎಂಬ ಪತ್ರಿಕೆ ನಡೆಸಿದರು. ನಾಟಕ ಬರೆದು ಆಡಿಸಿದರು, ಮೂಕಿ ಚಿತ್ರ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು, ಮುದ್ರಣಾಲಯ ನಡೆಸಿದರು. ಅವರು ಇಪ್ಪತ್ತೈದು ವಯಸ್ಸಿನವರಾಗಿದ್ದಾಗ ಯಾರಾದರೂ ಲೆಕ್ಕ ಹಾಕಿದ್ದರೆ, ಪದವಿಯಿಲ್ಲ, ನೌಕರಿಯಿಲ್ಲ, ಒಂದರಲ್ಲಿ ನೆಲೆಯಿಲ್ಲ ಎಂದೇ ಬರೆಯುತ್ತಿದ್ದರು.

ಆದರೆ 1933ರಲ್ಲಿ 'ಚೋಮನ ದುಡಿ' ಬಂತು. ಊರೂರು ತಿರುಗದವನ ಕಣ್ಣಿಗೆ ಚೋಮ ಬೀಳುವವನಲ್ಲ. ಮಕ್ಕಳ ನಡುವೆ ಕೂತವರ ಕೈಯಿಂದ ಮೂರು ಸಂಪುಟಗಳ 'ಬಾಲ ಪ್ರಪಂಚ' ಬಂತು, ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ಕುಣಿತದ ಒಲವಿನಿಂದ ಯಕ್ಷಗಾನದ ಅಧ್ಯಯನ ಬೆಳೆದು, 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂತು. ಮುಪ್ಪಿನಲ್ಲೂ ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದರು. ತಮ್ಮ ಆತ್ಮಕಥೆಗೆ ಅವರೇ ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'.

ಈ ಹತ್ತು ಮುಖಗಳಿಗೆ ಒಂದೇ ಮನಸ್ಸು ಎಂಬುದನ್ನು ಗಮನಿಸಬೇಕು. ಬದುಕು ನಿಜಕ್ಕೂ ಹೇಗಿದೆ ಎಂದು ತಾನೇ ಹೋಗಿ, ತಾನೇ ಮುಟ್ಟಿ ನೋಡಬೇಕೆಂಬ ಹಟ ಎಲ್ಲದರ ಕೆಳಗೂ ಹರಿಯುತ್ತಿತ್ತು. ಆ ಹಟ ಇಪ್ಪತ್ತೈದರ ವಯಸ್ಸಿನಲ್ಲಿ ಯಾರಿಗೂ, ಬಹುಶಃ ಅವರಿಗೂ, ಪೂರ್ತಿ ಕಾಣಿಸಿರಲಾರದು. ಆದ್ದರಿಂದ ನಾಲ್ಕು ಕೆಲಸ ಬಿಟ್ಟ ಮಗುವನ್ನು ಜರೆಯುವ ಮೊದಲು ಒಂದು ಮಾತು ಕೇಳಿ: ಬಿಟ್ಟ ಕೆಲಸದಿಂದ ಏನಾದರೂ ಕೈಯಲ್ಲಿ ಉಳಿಸಿಕೊಂಡು ಬಂದೆಯಾ? ಉಳಿಸಿಕೊಂಡಿದ್ದರೆ ಅದು ಅಲೆದಾಟವಲ್ಲ, ತಿರುಗಾಟ. ಬಿತ್ತನೆಗೆ ಮೊದಲು ಹೊಲವನ್ನು ನಾಲ್ಕು ಸಾಲು ಉತ್ತಂತೆ.

ಬೀಜ ಬಲ್ಲ ಕೈ

ಇದೆಲ್ಲ ಓದಿದವರ ಕಥೆ. ಆಯ್ಕೆಯೇ ಇಲ್ಲದವರ ಬದುಕಿನಲ್ಲಿ ಒಲವಿಗೆ ಜಾಗವೆಲ್ಲಿ?

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಸಮುದಾಯದ ಹೆಣ್ಣುಮಗಳು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು, ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಹೋಗುತ್ತಿದ್ದ ತಾಯಿಯ ಜೊತೆ ತಾವೂ ಹೋದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ದಿನಗೂಲಿಯವರೇ. ವೃತ್ತಿಯ ಅನಿಶ್ಚಿತತೆ ಎನ್ನುತ್ತೇವಲ್ಲ, ನಾಳೆ ಕೂಲಿ ಇದೆಯೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ಅನಿಶ್ಚಿತತೆ ಯಾವುದಿದೆ? ನಿನ್ನ ಒಲವು ಯಾವುದಮ್ಮಾ ಎಂದು ಅವರನ್ನು ಕೇಳಿದವರು ಯಾರೂ ಇದ್ದಿರಲಾರರು.

ಆದರೆ ಆ ಕೈ ಬೀಜದ ಜೊತೆ ದಿನವೂ ಮಾತಾಡುತ್ತಿತ್ತು. ನರ್ಸರಿಯ ಕೆಲಸ ಬಲ್ಲವರಿಗೆ ಗೊತ್ತು, ಬೀಜ ಎಲ್ಲವೂ ಒಂದೇ ಅಲ್ಲ. ಸಾಗುವಾನಿಯ ಗಟ್ಟಿ ಬೀಜವನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಬೇಕು. ಹಲಸಿನ ಬೀಜ ಒಣಗಿದರೆ ಸತ್ತಂತೆ, ಬೇಗ ಮಣ್ಣಿಗೆ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ತಾಯಿಮರದ ಬೀಜ ಆರಿಸಬೇಕು, ಯಾವ ವಾರ ಆರಿಸಬೇಕು ಎಂದು ತಿಳಿದಿರಬೇಕು. ಕಾಡಿನಲ್ಲಿ ತಾಯಿಮರವನ್ನು ಗುರುತಿಸುವ ತುಳಸಿ ಗೌಡರ ಕಣ್ಣಿಗೆ ಅರಣ್ಯಶಾಸ್ತ್ರ ಓದಿದವರೂ ತಲೆಬಾಗಿದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಅವರು ಬರಿಗಾಲಿನಲ್ಲಿ, ತಮ್ಮ ಸಮುದಾಯದ ಉಡುಗೆಯಲ್ಲೇ ರಾಷ್ಟ್ರಪತಿ ಭವನದೊಳಗೆ ನಡೆದುಹೋದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕೂಲಿಯೇ ಒಳ್ಳೆಯದು, ಬಡತನವೇ ಗುರು ಎಂದು ಇದರಿಂದ ಯಾರೂ ತಿಳಿಯಬಾರದು. ಅಷ್ಟು ವರ್ಷ ಅವರನ್ನು ದಿನಗೂಲಿಯಲ್ಲಿ ಇಟ್ಟದ್ದು ನ್ಯಾಯವಲ್ಲ. ನಾನು ಹೇಳುತ್ತಿರುವುದು, ಆರಿಸಿಕೊಳ್ಳದ ಕೆಲಸದಲ್ಲೂ ಗಮನವಿಟ್ಟರೆ ರುಚಿ ಹತ್ತುತ್ತದೆ ಎಂದು. ಕೆಲಸವನ್ನು ಯಾರೋ ಕೊಡಬಹುದು, ಕಿತ್ತುಕೊಳ್ಳಲೂಬಹುದು. ಅದಕ್ಕೆ ಕೊಡುವ ಗಮನ ನಮ್ಮದು.

ಅನ್ನದ ಸಾಲು, ಅಕ್ಕಡಿ ಸಾಲು

ಇನ್ನು ಅನ್ನದ ಪ್ರಶ್ನೆ. ಮನೆಯ ಸಾಲದ ಕಂತು ಕಟ್ಟುತ್ತಿರುವವನಿಗೆ ಎಲ್ಲ ಬಿಟ್ಟು ಒಲವಿನ ಹಿಂದೆ ಹೋಗು ಎನ್ನುವುದು ಕ್ರೂರ. ಮನೆ ನಡೆಯಬೇಕು, ಅಪ್ಪ ಅಮ್ಮನ ಔಷಧಿ ತರಬೇಕು. ಹಾಗೆಂದು ಖಾಯಂ ನೌಕರಿಯನ್ನೇ ಸ್ವರ್ಗವೆಂದು ನಂಬಿ ಕೂರುವಂತೆಯೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ ಆಧುನಿಕ ಗಣಿಗಾರಿಕೆ ನಡೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದೇ ಆ ಊರಿಗೆ. ತಾತ, ಅಪ್ಪ, ಮಗ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಆಮೇಲೆ ಆ ಊರಿನ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಮದುವೆಯಲ್ಲಿ ಗಂಡಿಗೆ ಎಚ್‌ಎಂಟಿ ಗಡಿಯಾರ ಕೊಡುತ್ತಿದ್ದ ಕಾಲವೂ ಹೋಯಿತು. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರದ ಉದ್ಯಮ 2016ರಲ್ಲಿ ಮುಚ್ಚಿತು. ಖಾಯಂ ನೌಕರಿ ಎಂಬ ಭರವಸೆ ನಮ್ಮ ನಾಡಿನಲ್ಲಿ ಎರಡು ಮೂರು ತಲೆಮಾರಿನ ಮಾತು ಅಷ್ಟೇ. ಅದರ ಹಿಂದಿನ ನೂರು ತಲೆಮಾರು ಮಳೆ ನಂಬಿ ಬದುಕಿದವು.

ಮಳೆ ನಂಬಿ ಬದುಕಿದವರು ಅನಿಶ್ಚಿತತೆಗೆ ಏನು ಉಪಾಯ ಹೂಡಿದ್ದರು? ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ್ದರು. ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅಕ್ಕಡಿ ಸ್ವಲ್ಪ ಕೈಹಿಡಿಯುತ್ತಿತ್ತು. ಚೆನ್ನಾಗಿ ಬಂದ ವರ್ಷ ಸಾರಿಗೆ ಬೇಳೆಯಾಗುತ್ತಿತ್ತು, ನೆಲಕ್ಕೆ ಸಾರವಾಗುತ್ತಿತ್ತು. ರಾಗಿ ಬಿಟ್ಟು ಅವರೆಯನ್ನೇ ಬೆಳೆ ಎಂದು ಯಾವ ರೈತನೂ ಹೇಳಲಿಲ್ಲ, ಅಕ್ಕಡಿಯಿಲ್ಲದೆ ಹೊಲ ಬಿತ್ತಲೂ ಇಲ್ಲ.

ಮಾಸ್ತಿಯವರು ಬದುಕಿದ್ದು ಹೀಗೆ. 1891ರಲ್ಲಿ ಹುಟ್ಟಿದ ಅವರು 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. 1943ರವರೆಗೆ ಅಧಿಕಾರಿಯಾಗಿ ಜಿಲ್ಲೆ ಜಿಲ್ಲೆ ಸುತ್ತಿದರು. ಅದರ ನಡುವೆಯೇ, 1920ರಲ್ಲಿ, 'ಕೆಲವು ಸಣ್ಣ ಕಥೆಗಳು' ಬಂತು. ಕಡತದ ಸಾಲಿನ ಪಕ್ಕದಲ್ಲೇ ಕಥೆಯ ಸಾಲು ಬೆಳೆಯಿತು. ಊರೂರಿನ ಕಷ್ಟಸುಖ ಕಂಡ ಅಧಿಕಾರಿಯ ಅನುಭವ ಕಥೆಗಾರನಿಗೆ ಗೊಬ್ಬರವಾಯಿತು. 1983ರ ಜ್ಞಾನಪೀಠ 'ಚಿಕವೀರ ರಾಜೇಂದ್ರ' ಕಾದಂಬರಿಗೆ ಸಂದಿತು. ನೌಕರಿ ಬಿಟ್ಟ ಮೇಲೆ ಬರೆಯುತ್ತೇನೆ ಎಂದು ಅವರು ಕಾದಿದ್ದರೆ, ಕನ್ನಡದ ಸಣ್ಣಕತೆ ಅಷ್ಟು ವರ್ಷ ಕಾಯಬೇಕಾಗುತ್ತಿತ್ತು.

ನೌಕರಿಯಲ್ಲಿರುವ ಮಕ್ಕಳಿಗೆ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ನಾನು ಹೇಳುವುದು ಇದೇ. ಅನ್ನದ ಸಾಲನ್ನು ಬಿಡಬೇಡಿ. ದಿನಕ್ಕೆ ಒಂದು ಗಂಟೆಯ ಅಕ್ಕಡಿ ಸಾಲನ್ನೂ ಬಿಡಬೇಡಿ. ಅಧಿಸೂಚನೆ ಬರದ ವರ್ಷವೂ, ಪರೀಕ್ಷೆ ಮುಂದಕ್ಕೆ ಹೋದ ವರ್ಷವೂ ನಿಮ್ಮ ಆಯುಷ್ಯದ ವರ್ಷವೇ.

ಈ ಪ್ರಶ್ನೆ ಕೇಳುವ ಹಕ್ಕು

ನನ್ನ ತಾತನಿಗೆ ಒಲವು ಯಾವುದೆಂಬ ಈ ಪ್ರಶ್ನೆ ಇರಲೇ ಇಲ್ಲ. ಕುಂಬಾರನ ಮಗ ಕುಂಬಾರ, ಕಮ್ಮಾರನ ಮಗ ಕಮ್ಮಾರ. ಕೆಲವರ ಪಾಲಿಗೆ ಹುಟ್ಟು ಕೊಟ್ಟದ್ದು ಕಸುಬಲ್ಲ, ಅವಮಾನ. ಹೆಣ್ಣುಮಕ್ಕಳಿಗಂತೂ ಆಯ್ಕೆ ಎಂಬ ಮಾತೇ ಇರಲಿಲ್ಲ. ಅಂಥ ಕಾಲದಲ್ಲಿ ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ ಅವರು ಮನೆಯಲ್ಲೇ ಓದಿ, 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರುಮಾಡಿ, ಕಾದಂಬರಿ ಬರೆದು, ತಾವೇ ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿದರು. ಮುಚ್ಚಿದ ಬಾಗಿಲಿನೊಳಗೆ ಕೂತು ಅವರು ತೆರೆದ ಕಿಟಕಿಯ ಬೆಳಕು ಈ ಸಭಾಂಗಣದ ಹೆಣ್ಣುಮಕ್ಕಳ ಮೇಲೂ ಬಿದ್ದಿದೆ.

ನಾನೇನು ಮಾಡಲಿ ಎಂದು ಇವತ್ತು ಪೌರಕಾರ್ಮಿಕರ ಮಗಳೂ, ಕುರಿ ಕಾಯುವವರ ಮಗನೂ ಕೇಳುತ್ತಿದ್ದಾರೆ ಎಂದರೆ ಅದು ಶಾಲೆಯ, ಸಂವಿಧಾನದ, ಹೋರಾಟಗಳ ಫಲ. ಈ ಗೊಂದಲ ಸ್ವಾತಂತ್ರ್ಯದ ಜೊತೆಗೆ ಬಂದದ್ದು. ಮಕ್ಕಳೇ, ನಿಮಗೆ ದಾರಿ ಕಾಣದೆ ಕತ್ತಲೆನಿಸಿದಾಗ ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಹಿಂದಿನವರಿಗೆ ಇದ್ದದ್ದು ಒಂದೇ ದಾರಿ, ಅದನ್ನೂ ಬೇರೆಯವರು ಹಾಕಿದ್ದು.

ತಂದೆತಾಯಂದಿರಿಗೂ ನನ್ನದೊಂದು ಬಿನ್ನಹವಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ, ಹದಿನಾರರ ಮಗುವಿನ ನಲವತ್ತು ವರ್ಷದ ಬದುಕನ್ನು ಸಿಇಟಿ ರ್‍ಯಾಂಕಿನ ಮೇಲೆ ನಿಲ್ಲಿಸಿಬಿಡುತ್ತೇವೆ. ಡಿ.ವಿ.ಜಿ.ಯವರನ್ನೇ ನೋಡಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಸೋಡಾ ಕಾರ್ಖಾನೆಯಲ್ಲಿ, ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ದುಡಿದು, ಆಮೇಲೆ ಪತ್ರಿಕೆಯ ಕೆಲಸಕ್ಕೆ ಬಂದರು. 'ಮಂಕುತಿಮ್ಮನ ಕಗ್ಗ' ಪ್ರಕಟವಾದಾಗ ಅವರಿಗೆ ಐವತ್ತಾರು. ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ ಕಟ್ಟಿದ್ದು ಅದಾದ ಎರಡು ವರ್ಷಕ್ಕೆ. ಮಗುವಿಗೆ ಕಾಲ ಕೊಡಿ. ಮಗು ಒಂದು ಕೆಲಸ ಬಿಟ್ಟು ಬಂದರೆ ಮನೆಯ ಬಾಗಿಲು ತೆರೆದಿರಲಿ. ಮನೆಯಲ್ಲಿ ಆ ಶಕ್ತಿಯಿಲ್ಲದ ಮಕ್ಕಳ ಬೆನ್ನಿಗೆ ಸಮಾಜ ನಿಲ್ಲಬೇಕು. ಹಾಸ್ಟೆಲ್ಲು, ಊರಿನ ಗ್ರಂಥಾಲಯ, ವಿದ್ಯಾರ್ಥಿವೇತನ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ ಮೂರು ಸಾವಿರ ರೂಪಾಯಿಯ ಯುವನಿಧಿ, ಇವನ್ನೆಲ್ಲ ನಾನು ಭಿಕ್ಷೆಯೆಂದು ತಿಳಿಯುವುದಿಲ್ಲ. ನಾಲ್ಕನೆಯ ಹಳ್ಳಿಯವರೆಗೆ ಹೋಗಲು ಕೊಡುವ ಬಸ್ ಚಾರ್ಜು ಅದು.

ಸಾರ್ಥಕ ಎಂಬ ಮಾತು

ಕೊನೆಯದಾಗಿ, ಬದುಕಿನ ಗುರಿ. ಗುರಿ ಬಿಲ್ಲುಗಾರನ ಮಾತು. ಬಾಣ ಬಿಡುವ ಮೊದಲೇ ಅದು ಕಣ್ಣೆದುರು ಇರಬೇಕು. ಪರೀಕ್ಷೆಗೆ ಗುರಿಯಿರಲಿ, ಮನೆ ಕಟ್ಟಲು ಗುರಿಯಿರಲಿ. ಆದರೆ ಇಡೀ ಬದುಕಿಗೆ ನಮ್ಮ ಹಿರಿಯರು ಬಳಸಿದ್ದು ಇನ್ನೊಂದು ಮಾತು: ಸಾರ್ಥಕ. "ಜನ್ಮ ಸಾರ್ಥಕವಾಯಿತು" ಎನ್ನುತ್ತಾರೆ. ಹಿಂದಿರುಗಿ ನೋಡಿದಾಗ ಹೇಳುವ ಮಾತು ಅದು. ಯಾವಾಗ ಹೇಳುತ್ತಾರೆ ಗಮನಿಸಿದ್ದೀರಾ? ತಾನು ಮಾಡಿದ್ದು ಇನ್ನೊಬ್ಬರನ್ನು ಮುಟ್ಟಿದಾಗ. ಕಟ್ಟಿಸಿದ ಕಟ್ಟೆಯಲ್ಲಿ ದನ ನೀರು ಕುಡಿದಾಗ, ಕಲಿಸಿದ ಮಗು ಊರಿಗೆ ಡಾಕ್ಟರಾಗಿ ಬಂದಾಗ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆ ದಾಸೋಹವನ್ನು ಇಟ್ಟದ್ದೂ ಇದಕ್ಕೇ. ದುಡಿಮೆ ದುಡಿದವನಲ್ಲೇ ನಿಂತರೆ ಅರ್ಧ, ಹಂಚಿದಾಗ ಪೂರ್ತಿ.

ನನ್ನ ಮೊದಲ ಹಳ್ಳಿಯ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹನ್ನೊಂದು ವರ್ಷದ ಮೇಲೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಒಂದು ಸಂಜೆ ಅವರ ಮೊಮ್ಮಗಳು ವಿಳಾಸ ಹುಡುಕಿಕೊಂಡು ಮನೆಗೆ ಬಂದಳು. ಮರುವಾರ ಅವಳ ಮದುವೆ. "ಅಣ್ಣಾ, ನಮ್ಮಜ್ಜಿ ದನಿ ನಿಮ್ಮ ಹತ್ರ ಇದೆಯಂತೆ. ಧಾರೆ ದಿನ ಮನೇಲಿ ಹಾಕ್ಬೇಕು" ಎಂದಳು. ಕ್ಯಾಸೆಟ್ ಹಾಕಿದೆ. ಗಂಡನ ಮನೆಗೆ ಹೊರಟ ಮಗಳು ತಿರುಗಿ ನೋಡದೆ ಹೋಗುವ ಹಾಡು. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು. ಇದನ್ನ ಇಟ್ಕೊಂಡು ಏನ್ ಮಾಡ್ತೀಯ ಮಗಾ ಎಂದಿದ್ದರಲ್ಲ, ಇದಕ್ಕೆ ಇಟ್ಟುಕೊಂಡಿದ್ದೆ. ಅಲ್ಲಿಯವರೆಗೆ ಅದು ನನ್ನ ರುಚಿ. ಅವತ್ತಿನಿಂದ ನನ್ನ ಹೊಣೆ.

ನನ್ನ ವಿದ್ಯಾರ್ಥಿಗೆ ನಾನೀಗ ಮೂರು ಮಾತು ಹೇಳಬಲ್ಲೆ. ಎಲ್ಲ ಕೆಲಸದಲ್ಲೂ ಬೇಸರವಿದೆ. ಯಾವ ಕೆಲಸದ ಬೇಸರವನ್ನು ನೀನು ತಾಳಬಲ್ಲೆ, ನೋಡಿಕೋ. ಯಾವ ಕೆಲಸದಲ್ಲಿ ಆದ ತಪ್ಪು ರಾತ್ರಿ ನಿನ್ನ ನಿದ್ದೆ ಕೆಡಿಸುತ್ತದೆ, ಗಮನಿಸು. ಆ ಕೆಲಸ ನೀನು ಮಾಡದಿದ್ದರೆ ಯಾರಿಗೆ ಕೊರತೆಯಾಗುತ್ತದೆ, ಕೇಳಿಕೋ. ಮೂರಕ್ಕೂ ಉತ್ತರ ಇವತ್ತೇ ಸಿಗಲಾರದು. ಸಿಗುವವರೆಗೆ ಕೈಗೆ ಬಂದದ್ದಕ್ಕೆ ಪ್ರಾಮಾಣಿಕವಾಗಿ ಕೈ ಹಚ್ಚು. ನಾಲ್ಕನೆಯ ಹಳ್ಳಿಯವರೆಗೆ ಹೋಗು. ಅಲ್ಲೂ ರುಚಿ ಹತ್ತದಿದ್ದರೆ ನಾಚಿಕೆಯಿಲ್ಲದೆ ಬಿಡು, ಕಲಿತದ್ದನ್ನು ಮಾತ್ರ ಬಿಡಬೇಡ.

ಈ ದತ್ತಿಯನ್ನಿಟ್ಟ ಮೇಷ್ಟ್ರು ತಮ್ಮ ಹಣ ಯಾವ ಮಗುವನ್ನು ಮುಟ್ಟುತ್ತದೆ ಎಂದು ಕಾಣದೆಯೇ ಇಟ್ಟು ಹೋದರು. ಇವತ್ತು ಈ ಮಾತುಗಳು ಇಲ್ಲಿ ಕೂತ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮುಟ್ಟಿದ್ದರೆ, ಆ ಮೇಷ್ಟ್ರ ದುಡಿಮೆ ಸಾರ್ಥಕ.